ಬೆಸುಗೆ ಪರೀಕ್ಷೆ ದಿನದ ಬೆವರು

ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೇನೆ. ಸಾಸಿವೆಗಿಂತ ಸಣ್ಣ ಬಿಡಿಭಾಗವನ್ನು ಭೂತಗನ್ನಡಿಯ ಕೆಳಗೆ ಕೂರಿಸಿ, ಕಾದ ಕಡ್ಡಿಯ ತುದಿ ಮುಟ್ಟಿಸಿ ತೆಗೆಯುವ ಕೆಲಸ. ಕೈ ನಡುಗಬಾರದು. ನನ್ನ ಕೈ ನಡುಗುತ್ತಲೂ ಇರಲಿಲ್ಲ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ನಲವತ್ತೆಂಟಕ್ಕೆ ಮುಟ್ಟು ನಿಂತಿತು. ಅಬ್ಬಾ, ಪೀಡೆ ತೊಲಗಿತು ಎಂದುಕೊಂಡೆ. ಎಲ್ಲಿ ತೊಲಗುತ್ತದೆ! ಚರ್ಮ ಒಣಗಿ ಹಪ್ಪಳವಾಯಿತು. ನಾವು ಕೆಲಸಕ್ಕೆ ಕೂರುವಾಗ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿಕೊಳ್ಳಬೇಕು, ಮೈಯ ವಿದ್ಯುತ್ತು ಬೋರ್ಡಿಗೆ ತಗಲದೆ ನೆಲಕ್ಕಿಳಿಯಲಿ ಎಂದು. ಪಟ್ಟಿ ಸರಿಯಿದೆಯೇ ಎಂದು ನೋಡುವ ಪುಟ್ಟ ಯಂತ್ರ ಬಾಗಿಲಲ್ಲೇ ಇದೆ. ನನ್ನ ಒಣ ಚರ್ಮಕ್ಕೆ ಅದು ದಿನಾ ಬೆಳಿಗ್ಗೆ ಕೆಂಪು ದೀಪ ತೋರಿಸಿ ಕಿರುಚುತ್ತಿತ್ತು. ಕೈಗೆ ನೀರು ಸವರಿಕೊಂಡು ಒಳಗೆ ಹೋಗಿ ಕೂತರೆ, ಅರ್ಧ ಗಂಟೆಯಲ್ಲಿ ಎದೆಯಿಂದ ಬೆಂಕಿ ಎದ್ದು ಕಿವಿಗೆ ಹತ್ತಿ ಬೆವರು ಧಾರೆಧಾರೆ. ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ಟೊಪ್ಪಿ. ಫ್ಯಾನು ಹಾಕುವಂತಿಲ್ಲ, ಗಾಳಿಗೆ ಬೆಸುಗೆ ಕೆಡುತ್ತದೆ. ಇದು ಈ ವಯಸ್ಸಿಗೆ ಸಹಜ, ಔಷಧವೂ ಇದೆ ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಕಾರ್ಖಾನೆಯಲ್ಲಿ ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಹೇಳಿದರೆ ಬೆಂಚು ಹೋದೀತೆಂಬ ಭಯ. ವರ್ಷಕ್ಕೊಮ್ಮೆ ನಮಗೆ ಬೆಸುಗೆಯ ಪರೀಕ್ಷೆ. ಎರಡು ಬೋರ್ಡು ಕೊಡುತ್ತಾರೆ, ಒಂದಾದರೂ ಪಾಸಾಗಬೇಕು, ಇಲ್ಲದಿದ್ದರೆ ಪ್ಯಾಕಿಂಗಿಗೆ ಕಳಿಸುತ್ತಾರೆ. ರಟ್ಟಿನ ಡಬ್ಬಿ ಮಡಚುವುದು ಕೀಳು ಕೆಲಸವೆಂದಲ್ಲ. ನನಗೆ ಬರುವ ವಿದ್ಯೆ ಇದೊಂದೇ, ಇದನ್ನೂ ಕಿತ್ತುಕೊಂಡರೆ ನಾನು ಯಾರು?

ಪರೀಕ್ಷೆ ಮಾಡುವವರು ನಮ್ಮ ಇನ್‌ಸ್ಪೆಕ್ಷನ್ ಮೇಡಂ. ನನ್ನಂತೆಯೇ ಕೊಪ್ಪಳದ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಎಲ್ಲರೊಂದಿಗೆ ತೆಲುಗು, ನನ್ನನ್ನು ಬೈಯುವಾಗ ಮಾತ್ರ ಕನ್ನಡ. "ಇದೇನ್ ಬೆಸುಗಿ ಏನ್ ಮೂಗಿನ ನತ್ತು?" ಎಂದು ಎಲ್ಲರೆದುರು ಬೋರ್ಡು ವಾಪಸು ತಳ್ಳುವ ಹೆಂಗಸು. ನಗುವನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬರುತ್ತಾರೆಂದು ನಾವು ಆಡಿಕೊಳ್ಳುತ್ತಿದ್ದೆವು.

ಪರೀಕ್ಷೆಯ ದಿನ ಮೊದಲ ಬೋರ್ಡಿಗೆ ಇನ್ನೆರಡೇ ಬೆಸುಗೆ ಬಾಕಿ ಇದ್ದಾಗ ಬೆಂಕಿ ಎದ್ದಿತು. ಹುಬ್ಬಿನಿಂದ ಒಂದು ಹನಿ ಜಾರಿ ಬೋರ್ಡಿನ ಮೇಲೆ ಬಿತ್ತು. ಮೇಡಂ ಆಚೆ ತಿರುಗಿದ್ದರು. ತೋಳಿನಿಂದ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಬೆವರಿನ ಉಪ್ಪು ಒಳಗೊಳಗೇ ತಿಂದು ಬೋರ್ಡನ್ನು ಕೊಲ್ಲುತ್ತದೆ. ಪಾಸಾದರೆ ಪರೀಕ್ಷೆಯ ಬೋರ್ಡೂ ನಮ್ಮಲ್ಲಿ ಮಾರುವ ಮಾಲಿಗೇ ಸೇರುತ್ತದೆ, ಆಸ್ಪತ್ರೆಯ ಯಂತ್ರದೊಳಗೆ ಹೋಗಿ ಕೂರುತ್ತದೆ. ನಾನು ಕೈ ಎತ್ತಿದೆ.

"ಮೇಡಂ, ಬೆವರು ಬಿತ್ರಿ."

ಬಂದರು, ನೋಡಿದರು, ಫೇಲ್ ಎಂದು ಬರೆದರು. ನನಗೆ ಅಳು ಒತ್ತರಿಸಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಎಷ್ಟ್ ದಿನಾತು ನಿಂತು?" ಎಂದರು ಮೆಲ್ಲಗೆ.

"ಎಂಟ್ ತಿಂಗಳಾತ್ರಿ."

"ಮತ್ತ ಬಾಯಾಗೇನು ಕಡಬು ಇಟ್ಕೊಂಡಿದ್ದೇನು? ಹೇಳಬಾರದಾ?"

"ಪ್ಯಾಕಿಂಗಿಗೆ ಹಾಕ್ತೀರಂತ ಅಂಜಿಕಿ ಆತ್ರಿ."

"ಇನ್ನೊಂದು ಬೋರ್ಡ್ ಐತಿ. ಕೂಡು."

ಕೂತೆ. ಅವರು ಕಾಗದ ಸಿಕ್ಕಿಸುವ ರಟ್ಟಿನ ಪ್ಯಾಡು ತೆಗೆದುಕೊಂಡು ನನ್ನ ಬೆನ್ನ ಹಿಂದೆ ನಿಂತರು. ಕುತ್ತಿಗೆಗೆ ತಣ್ಣಗೆ ಗಾಳಿ ತಾಗಿತು. ಅಯ್ಯೋ, ಗಾಳಿಗೆ ಬೆಸುಗೆ ಕೆಡುತ್ತದಲ್ಲ ಎಂದು ಗಾಬರಿಯಾಯಿತು. ಕಡ್ಡಿ ಮುಟ್ಟಿಸಿದೆ, ಗಾಳಿ ನಿಂತಿತು. ಬೆಸುಗೆ ಕೂತು ಹೊಳಪು ಬಂದ ಮೇಲೆ ಮತ್ತೆ ಬೀಸಿತು. ಮುಂದಿನದಕ್ಕೂ ಹಾಗೆಯೇ. ಅವರು ನಿಂತಲ್ಲಿಗೆ ನನ್ನ ಕಡ್ಡಿಯ ತುದಿ ಕಾಣುವುದು ಸಾಧ್ಯವೇ ಇರಲಿಲ್ಲ. ಬೆಸುಗೆ ಹಾಕುವ ಮುನ್ನ ನಾವೆಲ್ಲ ಒಂದು ಗಳಿಗೆ ಉಸಿರು ಹಿಡಿಯುತ್ತೇವೆ, ಹೆಗಲು ತುಸು ಇಳಿಯುತ್ತದೆ. ಅದನ್ನು ನೋಡಿ ಬೀಸುವ ಕೈ ನಿಲ್ಲಿಸುತ್ತಿದ್ದರು. ಅರವತ್ತು ಬೆಸುಗೆ, ಒಮ್ಮೆಯೂ ತಪ್ಪಲಿಲ್ಲ! ಇಷ್ಟು ವರ್ಷ ಯಾರಿಗೆ ಹೆದರಿ ಬದುಕಿದ್ದೆನೋ ಆ ಹೆಂಗಸಿನ ವಿದ್ಯೆ ಎಷ್ಟು ಎತ್ತರದ್ದೆಂದು ನನಗೆ ಅಂದಾಜೇ ಇರಲಿಲ್ಲ.

ಮುಗಿಸಿ, ಕಡ್ಡಿ ಇಟ್ಟು ತಿರುಗಿದೆ. ಮೇಡಂ ಕೋಟಿನ ಕಾಲರು ತೊಯ್ದು ತಪ್ಪಡಿಯಾಗಿತ್ತು. ಮುಖ ಕೆಂಪು ಮೆಣಸಿನಕಾಯಿ. ಗದ್ದದಿಂದ ತೊಟ್ಟಿಕ್ಕುವ ಬೆವರು ನನ್ನ ಕಡೆ ಬೀಳದಿರಲೆಂದು ತಲೆಯನ್ನು ಪಕ್ಕಕ್ಕೆ ಹೊರಳಿಸಿಕೊಂಡೇ ನಿಂತಿದ್ದರು.

"ನಿಮಗೂ ಏನ್ರಿ?"

"ಐದ್ ವರ್ಷಾತು. ಸರಿ, ನೋಡ್ತೀನಿ."

ಹಣೆ ಒರೆಸಿಕೊಂಡು ಭೂತಗನ್ನಡಿಗೆ ಬಾಗಿ ಅರವತ್ತನ್ನೂ ಒಂದೊಂದಾಗಿ ನೋಡಿದರು. ಪಾಸ್ ಎಂದು ಬರೆದು ಸಹಿ ಹಾಕಿದರು. ನನ್ನ ಬೆಂಚು ನನಗೆ ಉಳಿಯಿತು. ನಾನು ಮಾತ್ರ ಆ ಕೆಂಪು ಮುಖವನ್ನೇ ನೋಡುತ್ತ ಕೂತಿದ್ದೆ. ಐದು ವರ್ಷ ದಿನಾ ನೋಡಿದ್ದೆ ಅದನ್ನು, ಸಿಟ್ಟೆಂದುಕೊಂಡಿದ್ದೆ.