ಅಯೋಡಿನ್ ಮೈಲಿಗೆ

ಕಾಫಿಯ ವಾಸನೆ ಕೋಣೆಯೊಳಗೆ ಬಂತು, ಲೋಟ ಮಾತ್ರ ಹೊಸ್ತಿಲಾಚೆಯ ಸ್ಟೂಲಿನ ಮೇಲೆಯೇ ನಿಂತಿತು. ಸೊಸೆ ಅದನ್ನಿಟ್ಟು ಹಿಂದೆ ಸರಿದ ಮೇಲೆ ನಾನು ಎದ್ದು ತೆಗೆದುಕೊಳ್ಳಬೇಕು. ನೋಡಿ, ಎಪ್ಪತ್ತಾರರಲ್ಲಿ ಮತ್ತೆ ಹೊರಗೆ ಕೂತಿದ್ದೇನೆ!

ಕಾರಣ ಒಂದು ಕ್ಯಾಪ್ಸೂಲ್. ನನ್ನ ಥೈರಾಯ್ಡ್ ಅತಿಯಾಗಿ ದುಡಿದು ಎದೆ ಡವಡವ ಎನ್ನುತ್ತಿತ್ತು. ಆ ಗ್ರಂಥಿ ಅಯೋಡಿನ್ ಸಿಕ್ಕಲ್ಲೆಲ್ಲ ಎಳೆದುಕೊಳ್ಳುತ್ತದಂತೆ. ಹಾಗಾಗಿ ವಿಕಿರಣ ಸೂಸುವ ಅಯೋಡಿನ್ನನ್ನೇ ನುಂಗಿಸಿ ಅದನ್ನು ಅಡಗಿಸುತ್ತಾರೆ. ವೆರಿ ಕ್ಲೆವರ್, ಅಂದುಕೊಂಡೆ. ಆಮೇಲೆ ಡಾಕ್ಟರು ಚೀಟಿ ಕೊಟ್ಟರು: ಬೇರೆ ತಟ್ಟೆ, ಬೇರೆ ಬಚ್ಚಲು, ಮಕ್ಕಳಿಂದ, ಬಸುರಿಯರಿಂದ ದೂರ. ಏಳು ತಿಂಗಳ ಬಸುರಿ ಮೊಮ್ಮಗಳು ಅನುವಿಗೆ ಬಳೆ ತೊಡಿಸುವ ಶಾಸ್ತ್ರ ಇವತ್ತೇ, ಶಿವಮೊಗ್ಗದ ಕೋಟೆ ರಸ್ತೆಯ ಈ ಮನೆಯಲ್ಲೇ. ನಿಮ್ಮ ಎದೆ ಕಾಯುವುದಿಲ್ಲ ಎಂದರು ಡಾಕ್ಟರು. ಮುಹೂರ್ತ ಕಾಯುವುದಿಲ್ಲ ಎಂದರು ಬೀಗರು.

ಮದುವೆಯಾಗಿ ಭದ್ರಾವತಿಯ ಓಲ್ಡ್ ಟೌನಿಗೆ ಹೋದಾಗ ಅತ್ತೆ ನನ್ನನ್ನು ತಿಂಗಳಿಗೆ ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರಿಸುತ್ತಿದ್ದರು. ಕಾನ್ವೆಂಟಿನ ಹುಡುಗಿ, ಸುಮ್ಮನಿರುತ್ತೇನೆಯೆ?

"ಪ್ರೂಫ್ ಏನತ್ತೆ?"

"ನಿಮ್ಮ ಸಿಸ್ಟರುಗಳು ಹೇಳಿದ್ದಕ್ಕೆಲ್ಲ ಪ್ರೂಫ್ ಕೇಳಿದ್ಯೇನೇ, ಮಾರಾಯ್ತಿ?"

ಅಂಥದೊಂದು ದಿನ, ಅಂಬೆಗಾಲಿಡುತ್ತಿದ್ದ ಮಗ ಮೆಟ್ಟಿಲಿಂದ ಉರುಳಿ ಗಲ್ಲ ಒಡೆದುಕೊಂಡ. ಅತ್ತೆ ಎತ್ತಿಕೊಂಡು ಟಿಂಚರ್ ಅಯೋಡಿನ್ ಹಚ್ಚಿದರು. ಉರಿ ತಾಳಲಾರದೆ ಅವನು ಚೀರುತ್ತ ನನ್ನ ಕಡೆ ಎರಡೂ ಕೈ ಚಾಚಿದ. ನಾನು ಏಳಲು ಹೋದೆ.

"ಅಲ್ಲೇ ಕೂತ್ಕೋ! ಮಗೂಗೆ ಆಗಿಬರಲ್ಲ."

ಅಷ್ಟೆಲ್ಲ ಇಂಗ್ಲಿಷ್ ಮಾತಾಡುತ್ತಿದ್ದವಳು ಕೂತೇಬಿಟ್ಟೆ. ಎಷ್ಟೋ ವರ್ಷ ಅತ್ತೆಯನ್ನು ಮನಸ್ಸಿನಲ್ಲೇ ಬೈದೆ, ಕೂತವಳನ್ನು ಬೈಯಲಿಲ್ಲ.

ಈ ಮಧ್ಯಾಹ್ನ ಹಾಲಿನಲ್ಲಿ ಬಳೆಗಳ ಸದ್ದು. ನಡುವೆಯೇ ಎದ್ದು ಅನು ರೇಷ್ಮೆ ಸೀರೆಯಲ್ಲಿ ನೇರ ನನ್ನ ಕೋಣೆಯ ಕಡೆ ಬಂದಳು.

"ಅಲ್ಲೇ ನಿಲ್ಲು!" ಎಂದೆ.

"ಒಂದ್ ನಿಮಿಷಕ್ಕೆ ಏನಾಗತ್ತೆ ಅಜ್ಜಿ?"

"ಮಗೂಗೆ ಆಗಿಬರಲ್ಲ."

ನನ್ನ ಹತ್ತಿರ ಡಾಕ್ಟರ ಚೀಟಿ ಇದೆ, ಅತ್ತೆಯ ಹತ್ತಿರ ಇರಲಿಲ್ಲ. ಆ ವ್ಯತ್ಯಾಸವನ್ನು ಈಗಲೂ ಬಿಟ್ಟುಕೊಡಲಾರೆ. ಆದರೆ ಅವರಿಗೂ ಹೆದರಿಕೆಯಾಗಿರಬಹುದು ಎಂಬುದು ಈವರೆಗೆ ಹೊಳೆದಿರಲಿಲ್ಲ.

ಅನು ನಿಂತಲ್ಲಿಂದಲೇ ಕೈ ಎತ್ತಿದಳು. ಬಲಗೈ ತುಂಬ ಹಸಿರು ಬಳೆ, ಎಡಗೈ ಬರಿದು.

"ಚೀಟೀಲಿ ಇನ್ನೆಷ್ಟು ದಿನ ಇದೆ?"

"ಒಂಬತ್ತು."

"ಹಾಗಾದ್ರೆ ಈ ಕೈ ಒಂಬತ್ತು ದಿನ ಹೀಗೇ ಇರತ್ತೆ. ಹತ್ತನೇ ದಿನ ಬರ್ತೀನಿ, ನೀನೇ ತೊಡಿಸು."

"ಬರಿಗೈಲಿ ಮನೆಗೆ ಬರ್ತಾಳಂತೆ!" ಎಂದು ಬೀಗಿತ್ತಿ ಹಾಲಿನಿಂದ ಕೂಗಿದರು. ಇವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಉಳಿದ ಬಳೆಗಳನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಭದ್ರಾವತಿಯ ಗಂಡನ ಮನೆಗೆ ಹೊರಟಳು.

ಥೈರಾಯ್ಡಿನ ಕೆಲಸವೋ, ವಯಸ್ಸಿನದೋ, ನನ್ನ ಬೆರಳು ಸಣ್ಣಗೆ ನಡುಗುತ್ತವೆ. ಗಾಜಿನ ಬಳೆ, ಒಡೆಯದಂತೆ ತೊಡಿಸಬೇಕಲ್ಲ. ಸಂಜೆಯಿಂದ ಕೈ ಮುಂದೆ ಚಾಚಿ ಹಿಡಿದು ನೋಡಿಕೊಳ್ಳುತ್ತಿದ್ದೇನೆ.