ಹೇಂಟೆ ದನಿಯ ಡಾಕ್ಟರ್ ಅಂಕಲ್

ಗುರುಪಾದಪ್ಪ ಅಂಕಲ್ ಮಾತಾಡುತ್ತ ಮಾತಾಡುತ್ತ ಹೇಂಟೆಯಾಗಿಬಿಡುತ್ತಿದ್ದರು. ನಾನು ಅದನ್ನು ಮೊದಲು ಕೇಳಿದ್ದು ಡಾಲಸ್ ಪಕ್ಕದ ಅಲೆನ್‌ನಲ್ಲಿರುವ ಅವರ ಮನೆಯಲ್ಲಿ, ಬಸವ ಜಯಂತಿಯ ಊಟದ ದಿನ. ಮನೆ ತುಂಬ ಜನ, ನನ್ನ ಕೈಯಲ್ಲಿ ಕಟ್ಟಿನ ಸಾರಿನ ಬಟ್ಟಲು. ಪಕ್ಕದಲ್ಲಿ ನಿಂತು ಯಾರಿಗೋ ಮಂಡಿನೋವಿನ ಬಗ್ಗೆ ಹೇಳುತ್ತಿದ್ದ ಎಪ್ಪತ್ತು ದಾಟಿದ ಎತ್ತರದ ಮನುಷ್ಯ ನಡುವೆ ಮಾತು ನಿಲ್ಲಿಸಿ, ತುಟಿಯನ್ನು ಅಷ್ಟೇ ಅಷ್ಟು ತೆರೆದು, "ಕ್ಯಾಂವ್ ಕ್ಯಾಂವ್ ಕ್ಯಾಂವ್" ಎಂದು ಕೂಗಿದರು. ಸಾರೆಲ್ಲ ನನ್ನ ಸೀರೆಯ ಮೇಲೆ ಚೆಲ್ಲಿತು. ಉಳಿದವರು ತಿರುಗಿಯೂ ನೋಡಲಿಲ್ಲ. ಅವರಿಗೆಲ್ಲ ಅಭ್ಯಾಸವಾಗಿಹೋಗಿತ್ತು.

ಅದು ಕಾಡು ಟರ್ಕಿ ಕೋಳಿಯ ಹೇಂಟೆ ತನ್ನ ಹುಂಜವನ್ನು ಕರೆಯುವ ಕೂಗು. ಅಂಗುಳಕ್ಕೆ ಅಂಟಿಸಿಕೊಂಡು ಆ ಕೂಗು ಹೊರಡಿಸುವ ಪುಟ್ಟದೊಂದು ರಬ್ಬರಿನ ತುಂಡು ಅವರ ಬಾಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಬಂದು ಕೂತರೆ ಮೇ ತಿಂಗಳಿನವರೆಗೆ ಇಳಿಯುತ್ತಿರಲಿಲ್ಲ. ವಸಂತದಲ್ಲಿ ಆ ಕೂಗಿಗೆ ಮರುಳಾಗಿ ಹುಂಜ ಗರಿಗೆದರಿಕೊಂಡು ಬರುತ್ತದೆ, ಇವರು ಮರದ ಬುಡದಲ್ಲಿ ಅಡಗಿ ಕೂತು ಅದರ ಫೋಟೋ ತೆಗೆಯುತ್ತಾರೆ. ಗದಗಿನ ಲಿಂಗಾಯತರ ಮನೆಯ ಮಗ, ಮೊಟ್ಟೆಯನ್ನೂ ಮುಟ್ಟದವರು. ಟರ್ಕಿಯನ್ನು ಇಷ್ಟು ಚೆನ್ನಾಗಿ ಕರೆದು, ಬಂದ ಮೇಲೆ ತಿನ್ನದೆ ಕಳಿಸುವ ಮನುಷ್ಯನನ್ನು ಟೆಕ್ಸಸ್‌ನವರು ಬೇರೆಲ್ಲೂ ಕಂಡಿರಲಿಕ್ಕಿಲ್ಲ.

ನಿವೃತ್ತಿಗೆ ಮೊದಲು ಅವರು ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ಹಾಗಾಗಿ ಅವರು ಜೀವನವಿಡೀ ನೋಡಿದ್ದು ಹೆದರಿದ ಮುಖಗಳನ್ನೇ. ಬಿಳಿ ಹುಬ್ಬಿನ ಕೆಳಗಿಂದ ಒಂದು ಸಲ ನೋಡಿದರೆ ಸಾಕು, ಎದುರಿನವರಿಗೆ ಎಷ್ಟು ಭಯವಾಗಿದೆ ಎಂದು ಅಳೆದುಬಿಡುತ್ತಿದ್ದರು. ನನ್ನಲ್ಲಿ ಅಳೆಯುವುದಕ್ಕೆ ಬೇಕಾದಷ್ಟಿತ್ತು. ನಾನು ಮೈಸೂರಿನಿಂದ ಬಂದು ಅಲ್ಲೇ ಹತ್ತಿರದ ಲೂಯಿಸ್‌ವಿಲ್‌ನಲ್ಲಿ ಬಾಡಿಗೆಗಿದ್ದ ಹೊಸದು. ಹೈವೇ ಹತ್ತಲು ಭಯ, ನಾಯಿ ಭಯ, ಆಫೀಸಿನ ಲಿಫ್ಟ್ ಕೂಡ ಭಯ. ಆ ದಿನ ಸಾರು ಒರೆಸಿಕೊಳ್ಳುತ್ತಿದ್ದವಳನ್ನು ನೋಡಿ ಅವರು ಹೇಳಿದ ಮಾತನ್ನು ಮುಂದೆ ಎಷ್ಟು ಸಲ ಕೇಳಿದೆನೋ. "ಅಂಜಿಕಿ ಬಂದ್ರ ಬರ್ಲಿ ಬಿಡ ತಂಗಿ. ಅದರ ಪಾಡಿಗೆ ಅದು ಕುಂಡರ್ಲಿ. ನೀ ಮಾತ್ರ ಅಲುಗಾಡಬ್ಯಾಡ."

ಅವರ ಹೆಂಡತಿ ಕಸ್ತೂರಿ ಆಂಟಿ ಆಮೇಲೆ ನನ್ನನ್ನು ಮಗಳಂತೆ ನೋಡಿಕೊಂಡರು. ಜ್ವರ ಬಂದರೆ ಅಲೆನ್‌ನಿಂದ ಗಂಜಿ, ಹಬ್ಬಕ್ಕೆ ಹೋಳಿಗೆ. ಕೆಲಸ ಬದಲಾಗಿ ನಾನು ಆಸ್ಟಿನ್ ಕಡೆಯ ಲಿಯಾಂಡರ್‌ಗೆ ಶಿಫ್ಟ್ ಆದಾಗ ಅಂಕಲ್‌ಗೆ ನನಗಿಂತ ಹೆಚ್ಚು ಖುಷಿಯಾಯಿತು. ಏಕೆಂದರೆ ಅವರ ಹುಂಜಗಳಿದ್ದದ್ದು ಲಿಯಾಂಡರ್‌ನ ಪಶ್ಚಿಮಕ್ಕೆ, ಅವರ ಹಳೆಯ ರೋಗಿಯೊಬ್ಬರ ಕಾಡು ತುಂಬಿದ ರ‍್ಯಾಂಚಿನಲ್ಲಿ. ಅಂದಿನಿಂದ ಪ್ರತಿ ವಸಂತದಲ್ಲೂ ಗಂಡ ಹೆಂಡತಿ ನನ್ನ ಮನೆಗೆ ಬಂದು ಒಂದು ವಾರ ಇರುವುದು ರೂಢಿಯಾಯಿತು.

ಹಾಗೆ ಬಂದ ಮೊದಲ ವಸಂತದಲ್ಲೇ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಹೇಳಿದರು: "ಅವರ ಕಿವಿ ಹೋಗ್ಯಾವ ವೀಣಾ. ಬಾಜೂಕ ಕುಂತು ಮಾತಾಡಿದ್ರ ಕೇಳಸ್ತದ, ಹಿಂದಿಂದ ಯಾರರ ಬಂದ್ರ ತಿಳಿಯೂದಿಲ್ಲ. ಈ ತಿಂಗಳಾಗ ಟರ್ಕಿ ಬ್ಯಾಟಿ, ಕಾಡಿನ್ಯಾಗೆಲ್ಲಾ ಬಂದೂಕ ಹಿಡಕೊಂಡವರು. ಇವರು ನೋಡಿದ್ರ ಕೋಳಿ ಹಂಗ ಕೂಗ್ಕೋತ ಕುಂಡರ್ತಾರ. ನೀ ಜೋಡಿ ಹೋಗವಾ." ಕಿವಿಗೆ ಹಾಕುವ ಯಂತ್ರವನ್ನು ಅಂಕಲ್ ಗಾಳಿಯ ಸದ್ದು ಜಾಸ್ತಿ ಎಂದು ಕಾಡಿನಲ್ಲಿ ಕಿತ್ತಿಡುತ್ತಿದ್ದರಂತೆ. ಹ್ಯೂಸ್ಟನ್‌ನಲ್ಲಿದ್ದ ಮಗ ಫೋನಿನಲ್ಲಿ ಇಂಗ್ಲಿಷಿನಲ್ಲಿ ರೇಗಿ ರೇಗಿ ಸುಮ್ಮನಾಗಿದ್ದ. ಕೇಳಿಸದ ಮನುಷ್ಯನಿಗೆ ಕಿವಿಯಾಗಲು ಆಂಟಿಗೆ ಸಿಕ್ಕಿದ್ದು ಇಡೀ ಟೆಕ್ಸಸ್‌ನ ಅತಿ ದೊಡ್ಡ ಪುಕ್ಕಲಿ. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಕಾಡಿನಲ್ಲೂ ಅಂಕಲ್ ಅವರ ಶಿಸ್ತು ಆಪರೇಷನ್ ಥಿಯೇಟರಿನದೇ. ಭುಜಕ್ಕಿಂತ ಅಗಲವಾದ ಮರಕ್ಕೆ ಮಾತ್ರ ಒರಗಬೇಕು. ಹಿಂದಿನಿಂದ ಗುಂಡು ಬಂದರೆ ಮರಕ್ಕೆ ಬೀಳಲಿ ಎಂದು. ಕೆಂಪು, ಬಿಳಿ, ನೀಲಿ ಮೈಮೇಲೆ ಎಲ್ಲೂ ಇರಕೂಡದು. ಹುಂಜದ ತಲೆ ಆ ಮೂರು ಬಣ್ಣಗಳದೇ, ಬೇಟೆಯವನ ಕಣ್ಣು ಹುಡುಕುವುದೂ ಅವನ್ನೇ. ನನ್ನ ಹಣೆಯ ಕುಂಕುಮವನ್ನೂ ಒರೆಸಲು ಹೇಳಿದಾಗ ಆಂಟಿ ಸಿಟ್ಟಾದರು. ಕೊನೆಗೆ ಕಪ್ಪು ಸ್ಟಿಕ್ಕರ್‌ಗೆ ರಾಜಿಯಾಯಿತು. ಯಾರಾದರೂ ಬಂದೂಕಿನೊಂದಿಗೆ ಕಂಡರೆ ಕೈ ಬೀಸಬಾರದು, ಎದ್ದು ನಿಲ್ಲಬಾರದು. ಕೂತಲ್ಲಿಂದಲೇ ಮನುಷ್ಯರ ದನಿಯಲ್ಲಿ ಜೋರಾಗಿ ಕೂಗಬೇಕು. ನನ್ನ ಕೆಲಸ ಕೇಳಿಸಿಕೊಳ್ಳುವುದು. ಹುಂಜ ಕೂಗಿದರೆ ಅವರ ಮೊಣಕಾಲನ್ನು ಒಮ್ಮೆ ತಟ್ಟಬೇಕು. ಮನುಷ್ಯ ಬಂದರೆ ಎರಡು ಸಲ.

ತೊಂದರೆಯೆಂದರೆ ಒಣ ಎಲೆಯ ಮೇಲೆ ಟರ್ಕಿ ನಡೆಯುವ ಸದ್ದೂ ಮನುಷ್ಯ ನಡೆಯುವ ಸದ್ದೂ ಹೆಚ್ಚು ಕಡಿಮೆ ಒಂದೇ. ಅದನ್ನು ಹೇಗೆ ಗುರುತಿಸುವುದೆಂದು ಅವರು ಮೊದಲೇ ಕಲಿಸಿದ್ದರು. ಕೋಳಿ ನಿಂತರೆ ಕೆದರುತ್ತದೆ, ಮನುಷ್ಯ ನಿಂತರೆ ಸುಮ್ಮನೆ ನಿಲ್ಲುತ್ತಾನೆ. ಈ ಮಾತನ್ನು ಅವರು ತರಕಾರಿ ಹೆಚ್ಚುವುದನ್ನು ಹೇಳಿಕೊಟ್ಟಷ್ಟು ಸಲೀಸಾಗಿ ಹೇಳಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಬೆಳಗ್ಗೆ ಏನಾಯಿತೆಂದು ಹೇಳಲೇಬೇಕು. ಬೆಳಕಿನ್ನೂ ಸರಿಯಾಗಿ ಹರಿದಿರಲಿಲ್ಲ. ಹಳ್ಳದ ಪಕ್ಕದ ದೊಡ್ಡ ಓಕ್ ಮರಕ್ಕೆ ಬೆನ್ನು ಕೊಟ್ಟು, ಮುಖಕ್ಕೆ ಬಲೆ ಹಾಕಿಕೊಂಡು ಕೂತಿದ್ದೆವು. ನನ್ನ ಕಾಲುಚೀಲದೊಳಗೆ ಏನೋ ಹರಿದಂತಾಗುತ್ತಿತ್ತು. ಅಂಕಲ್ ಮೆಲ್ಲಗೆ ಹೇಂಟೆಯಾದರು. ಮರುಕ್ಷಣ ಹಳ್ಳದಾಚೆಯಿಂದ ಗಳಗಳಗಳ ಎಂಬ ಕೂಗು ಎದ್ದಿತು. ನಾನು ಮೊಣಕಾಲು ತಟ್ಟುವುದನ್ನು ಮರೆತು ಅವರ ತೋಳನ್ನೇ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಹುಂಜ ಬಂತು, ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತ. ಅದರ ತಲೆ ನಾವು ನೋಡುತ್ತಿದ್ದಂತೆಯೇ ಬಿಳಿಯಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ ತಿರುಗಿತು. ಅಂಕಲ್ ಫೋಟೋ ತೆಗೆಯುವುದನ್ನು ಬಿಟ್ಟು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಎಷ್ಟು ವರ್ಷಗಳಿಂದ ನೋಡಿದ್ದರೋ, ಅವರಿಗೆ ಪ್ರತಿ ಸಲವೂ ಹೊಸದು. ಅವರನ್ನು ನೋಡಿ ನನಗೂ ಒಂದು ಗಳಿಗೆ ಭಯ ಮರೆತುಹೋಯಿತು.

ಹೀಗೆ ಕೆಲವು ವಸಂತಗಳು ಕಳೆದವು. ಆಮೇಲೆ ಆ ಯುಗಾದಿ ಬಂತು.

ಆ ವರ್ಷ ಹಬ್ಬದ ದಿನವೇ ಅವರಿಗೆ ಕಾಡಿಗೆ ಹೋಗಬೇಕಾಗಿತ್ತು. ಹಬ್ಬದ ದಿನ ಎಣ್ಣೆ ನೀರು ಹಾಕಿಕೊಳ್ಳದೆ, ಹೊಸಬಟ್ಟೆ ಉಡದೆ ಹೊಸ್ತಿಲು ದಾಟುವಂತಿಲ್ಲ ಎಂದು ಆಂಟಿ ಪಟ್ಟು ಹಿಡಿದರು. ನನಗಾಗಿ ಇಳಕಲ್ ಬಟ್ಟೆಯ ಕುರ್ತಾ ಹೊಲಿಸಿ ತಂದಿದ್ದರು. ಅಚ್ಚ ಕೆಂಪು, ಬಿಳಿ ಅಂಚು. ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕುರ್ತಾದ ಮೇಲೆ ಕಾಡಿನ ಜಾಕೆಟ್ ಕತ್ತಿನವರೆಗೆ ಏರಿಸಿಕೊಂಡೆ. ಅಂಕಲ್ ನನ್ನ ಹಣೆ ನೋಡಿದರು, ಓಲೆ ನೋಡಿದರು, ಶೂ ಲೇಸನ್ನೂ ನೋಡಿದರು. ಜಾಕೆಟ್ಟಿನೊಳಗೆ ಅಡಗಿದ ಹಬ್ಬದ ಬಟ್ಟೆಗೆ ನಕ್ಕರಷ್ಟೆ. ಹೆಂಡತಿಯ ಉಡುಗೊರೆಗೆ ಆಕ್ಷೇಪ ಎತ್ತಲು ಅವರಿಗೂ ಧೈರ್ಯವಾಗಲಿಲ್ಲ. ಆಂಟಿ ಥರ್ಮಾಸಿನಲ್ಲಿ ಬೇವಿನ ಪಾನಕ ತುಂಬಿ ಕೊಟ್ಟರು. ಹಿಂದಿನ ಸಂಜೆ ಅಂಕಲ್ ರ‍್ಯಾಂಚಿನ ಮುದುಕರಿಗೆ ಫೋನ್ ಮಾಡಿ, ಬೇಟೆಗೆ ಯಾರೂ ಬರುವುದಿಲ್ಲವೆಂದು ಎಂದಿನಂತೆ ಖಾತ್ರಿಪಡಿಸಿಕೊಂಡಿದ್ದರು. ಹ್ಯೂಸ್ಟನ್‌ನಿಂದ ಮುದುಕರ ಅಳಿಯ ರಾತ್ರೋರಾತ್ರಿ ಬಂದಿಳಿದಿದ್ದು ಮುದುಕರಿಗೇ ಗೊತ್ತಿರಲಿಲ್ಲ.

ಬಿಸಿಲು ಏರಿತು. ಹುಂಜದ ಸುಳಿವಿಲ್ಲ. ಸೆಕೆ ತಡೆಯಲಾರದೆ ನಾನು ಜಾಕೆಟ್ಟಿನ ಜಿಪ್ಪನ್ನು ಎದೆಯವರೆಗೆ ಇಳಿಸಿದೆ. ಅಂಕಲ್ ಕಣ್ಣು ಮುಚ್ಚಿ ಕೂಗುತ್ತಿದ್ದರು, ಅಷ್ಟು ಇಂಪಾಗಿ ಅವರು ಎಂದೂ ಕೂಗಿರಲಿಲ್ಲ. ಆಗ ಎಡಗಡೆಯ ಪೊದೆಗಳಾಚೆ ಎಲೆಗಳ ಮೇಲೆ ಹೆಜ್ಜೆ ಸದ್ದಾಯಿತು. ನಾನು ಮೊಣಕಾಲನ್ನು ಒಮ್ಮೆ ತಟ್ಟಿದೆ. ಅವರು ಇನ್ನೂ ಮೃದುವಾಗಿ ಕೂಗಿದರು. ಹೆಜ್ಜೆ ಹತ್ತಿರವಾಯಿತು. ನಿಂತಿತು. ಕೆದರುತ್ತದೆ ಎಂದು ಕಾದೆ. ಕೆದರಲಿಲ್ಲ.

ಇನ್ನೂ ಕಾದೆ. ಹಕ್ಕಿಗಳೂ ಸುಮ್ಮನಾಗಿದ್ದವು. ಎರಡನೇ ಸಲ ತಟ್ಟಲು ಕೈ ಏಳಲೇ ಇಲ್ಲ. ಪಕ್ಕದಲ್ಲಿ ಅವರು ಏನೂ ಕೇಳಿಸದೆ, ಯಾವ ಸಂಶಯವೂ ಇಲ್ಲದೆ ಬಂದೂಕನ್ನು ಹತ್ತಿರ ಹತ್ತಿರ ಕರೆಯುತ್ತಿದ್ದರು. ಪೊದೆಯ ನಡುವೆ ಕಪ್ಪು ಕೊಳವೆಯೊಂದು ನಿಧಾನವಾಗಿ ಮೇಲೇಳುವುದು ಕಾಣಿಸಿತು. ಅದು ನನ್ನ ಎದೆಯ ಕಡೆಗೇ ಇತ್ತು. ಹೇಗೋ ಕೈ ಬಂತು. ಅವರ ಮೊಣಕಾಲನ್ನು ಎರಡು ಸಲ ತಟ್ಟಿದೆ. ತಟ್ಟಿದೆನೋ ಪರಚಿದೆನೋ ತಿಳಿಯದು. ಮರುಕ್ಷಣ, ಕಲಿಸಿದ್ದೆಲ್ಲ ಮರೆತು, ನಿಲ್ಲಿಸು ಎನ್ನುವಂತೆ ಕೈಯನ್ನು ಮೇಲೆತ್ತಲು ಹೋದೆ. ಅಂಕಲ್ ನನ್ನ ಮಣಿಕಟ್ಟನ್ನು ನೆಲಕ್ಕೆ ಒತ್ತಿ ಹಿಡಿದರು. ಬಾಯಿಂದ ರಬ್ಬರ್ ಉಗುಳಿ, ಗದಗಿನ ಓಣಿಯಲ್ಲಿ ಕೂಗುವಂತೆ ಕೂಗಿದರು.

"ಏ ತಮ್ಮಾ, ನಿಂದರು. ಇಲ್ಲಿ ಮನಷ್ಯಾರದೀವಿ."

ಆಮೇಲೆ ಅದನ್ನೇ ಇಂಗ್ಲಿಷಿನಲ್ಲೂ ಕೂಗಿದರು. ಅಷ್ಟರಲ್ಲಿ ಕೊಳವೆ ಕೆಳಗಿಳಿದಿತ್ತು. ಪೊದೆಯಿಂದ ಹೊರಬಂದ ದಪ್ಪ ಮನುಷ್ಯ ಬಂದೂಕು ಕೆಳಗಿಟ್ಟು, ಹುಲ್ಲಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅಳತೊಡಗಿದ. ಕೆಂಪು ಕಂಡೆ, ಬಿಳಿ ಕಂಡೆ, ಹೇಂಟೆಯ ಕೂಗು ಕೇಳುತ್ತಿತ್ತು, ಬೆರಳು ಬಂದೂಕಿನ ಕುದುರೆಯ ಮೇಲಿತ್ತು ಎಂದು ಮತ್ತೆ ಮತ್ತೆ ಹೇಳಿದ. ಅಂಕಲ್ ಅವನ ಪಕ್ಕ ಕೂತು ನಾಡಿ ಹಿಡಿದರು. ನನ್ನ ನಾಡಿಯನ್ನೂ ಹಿಡಿದರು. ಥರ್ಮಾಸ್ ತೆರೆದು ಇಬ್ಬರಿಗೂ ಬೇವಿನ ಪಾನಕ ಕುಡಿಸಿದರು. ಅವನು ಅದೇನೆಂದು ಕೇಳದೆ, ಮುಖ ಸಿಂಡರಿಸದೆ ಪೂರ್ತಿ ಕುಡಿದ. ಆ ಮೇಲಷ್ಟೆ ಅಂಕಲ್ ನನ್ನ ತೆರೆದ ಜಾಕೆಟ್ಟನ್ನು ನೋಡಿದರು. ಜಿಪ್ಪನ್ನು ಕತ್ತಿನವರೆಗೆ ತಾವೇ ಎಳೆದರು. ಆಮೇಲೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಎದ್ದರು.

ಕಾರನ್ನು ನಾನೇ ಡ್ರೈವ್ ಮಾಡಿದೆ. ಹೈವೇ ಹತ್ತುವವರೆಗೂ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ಇಷ್ಟ ವರ್ಷ ಮಂದೀನ ಮಲಗಿಸೀನಿ ತಂಗಿ, ಎಲ್ಲಾರ್ನೂ ಎಬ್ಬಸೀನಿ. ಇವತ್ತ ನಿನ್ನ ಎಬ್ಬಸಲಾರದಂಗ ಮಲಗಸ್ತಿದ್ದೆ. ಸಾಕಿನ್ನ." ತಪ್ಪು ನನ್ನದು, ಜಿಪ್ ಇಳಿಸಿದ್ದು ನಾನು ಎಂದೆ. ಅವರು ತಲೆಯಾಡಿಸಿದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಆಂಟಿಗೆ ಅವರೇ ಎಲ್ಲವನ್ನೂ ಹೇಳಿದರು. ಆಂಟಿ ಆ ಕುರ್ತಾವನ್ನು ನನ್ನಿಂದ ಇಸಿದುಕೊಂಡು ಹೋದರು. ಏನು ಮಾಡಿದರೋ ನಾನು ಕೇಳಲಿಲ್ಲ.

ಮುಂದಿನ ವಸಂತದಲ್ಲೂ ಅವರು ಬಂದರು. ಕ್ಯಾಮೆರಾ ತಂದಿರಲಿಲ್ಲ. ಬಹಳ ಇಳಿದುಹೋಗಿದ್ದರು, ಕಿವಿ ಇನ್ನಷ್ಟು ಮಂದವಾಗಿತ್ತು. ಬೆಳಗ್ಗೆ ನನ್ನ ಮನೆಯ ಹಿಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಇಬ್ಬರೂ ಕೂತಿದ್ದೆವು. ಬೇಲಿಯಾಚೆ ಸಣ್ಣ ಹಳ್ಳ, ಒಂದಿಷ್ಟು ಪೆಕಾನ್ ಮರ. ಅಲ್ಲಿಂದ ಗಳಗಳಗಳ ಎಂದು ಹುಂಜ ಕೂಗಿತು. ಆ ಬಡಾವಣೆಯಲ್ಲಿ ನಾನು ಅದನ್ನು ಹಿಂದೆಂದೂ ಕೇಳಿರಲಿಲ್ಲ. ನನ್ನ ಬೆನ್ನು ಸೆಟೆಯಿತು.

"ಕೂಗಿತೇನು?" ಎಂದರು.

ಹೌದೆಂದರೆ ಎದ್ದು ಹೊರಟುಬಿಡುತ್ತಾರೆ, ಬೇಲಿಯಾಚೆ ಯಾರಿದ್ದಾರೋ, ಯಾರ ಕೈಯಲ್ಲಿ ಏನಿದೆಯೋ ಎಂದು ನನಗೆ ಭಯವಾಯಿತು. ಇಲ್ಲ ಅಂಕಲ್ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹೌದೇನು, ಹಾಗಾದರೆ ಚಹಾ ಮಾಡಿಕೊಂಡು ಬಾ ಎಂದರು.

ಒಳಗೆ ಹಾಲು ಉಕ್ಕುವುದನ್ನು ಕಾಯುತ್ತಿದ್ದಾಗ ಹೊರಗಿನಿಂದ ಹೇಂಟೆ ಕೂಗಿತು. ರಬ್ಬರಿಲ್ಲದೆ, ಬರಿಯ ಗಂಟಲಿನಿಂದ, ಒಡೆದ ದನಿಯಲ್ಲಿ. ಹಳ್ಳದಿಂದ ಹುಂಜ ಉತ್ತರ ಕೊಟ್ಟಿತು. ಅವರು ಮತ್ತೆ ಕೂಗಲಿಲ್ಲ. ಉತ್ತರ ಕೇಳಿಸದೆ, ಬರಲೇ ಇಲ್ಲವೆಂದುಕೊಂಡಿರಬೇಕು. ಹುಂಜ ಇನ್ನೊಮ್ಮೆ ಕೂಗಿತು, ಈ ಸಲ ಹತ್ತಿರದಿಂದ. ನಾನು ಒಲೆ ಆರಿಸಿ ಹೊರಗೆ ಓಡಿ, ಅವರ ಪಕ್ಕದಲ್ಲಿ ಮಂಡಿಯೂರಿ ಕಿವಿಗೆ ಬಾಯಿ ಹಚ್ಚಿ ಹೇಳಿದೆ.

"ಸುಳ್ಳು ಹೇಳಿದೆ ಅಂಕಲ್. ಆಗಲೂ ಕೂಗ್ತು, ಈಗಲೂ ಕೂಗ್ತು. ಬಲಗಡೆಯಿಂದ. ಇಲ್ಲಿಗೇ ಬರ್ತಿದೆ."

"ನಿನ್ನ ಮಾರಿ ಆಗಲೇ ಹೇಳಿತ್ತು," ಎಂದರು. "ಕುಂಡರು."

ಅವರು ಏಳಲಿಲ್ಲ. ಹುಂಜ ಬೇಲಿಯ ತನಕ ಬಂದು, ಸರಳುಗಳಾಚೆ ಬಾಲ ಬಿಚ್ಚಿ ಆಚೀಚೆ ತಿರುಗಿತು, ಹೇಂಟೆಯನ್ನು ಹುಡುಕಿ ಹುಡುಕಿ ಹೋಯಿತು. ಅಷ್ಟು ಹೊತ್ತೂ ನಾನು ಬೇಲಿಯಾಚೆ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದೆ. ಅವರು ಬಾಯಿ ತೆರೆದುಕೊಂಡು ನೋಡಿದರು.

ಚಳಿಗಾಲ ಬರುವ ಮೊದಲೇ ಅಂಕಲ್ ಅಲೆನ್‌ನ ಮನೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡರು. ಆಂಟಿ ಈಗ ಹ್ಯೂಸ್ಟನ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಈ ವಸಂತದಲ್ಲಿ ಹಳ್ಳದ ಕಡೆಯಿಂದ ಹುಂಜ ದಿನವೂ ಕೂಗುತ್ತಿದೆ. ನನಗೆ ಭಯ ಹೋಗಿಲ್ಲ, ಹೋಗುವುದೂ ಇಲ್ಲ. ಅದು ಕೂಗಿದಾಗಲೆಲ್ಲ ನನ್ನ ಕೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ, ಮೊಣಕಾಲು ತಟ್ಟಿ ಹೇಳಲು. ಅವರ ಖಾಲಿ ಕುರ್ಚಿಯ ಮರ ತಣ್ಣಗೆ ಸಿಗುತ್ತದೆ.