ತಲೆ ಎಣಿಸುವ ಹಳಿ

ಸಿಲ್ವೇರಿಯೊ ರಿಯಾಸ್ಕೊಸ್‌ಗೆ ಅರವತ್ತೆಂಟು. ಕೊಲಂಬಿಯಾದ ಪೆಸಿಫಿಕ್ ಕಡೆಯ ಕಾಡಿನೊಳಗೆ ಅವನ ಊರು. ಊರಿಗೆ ರಸ್ತೆಯಿಲ್ಲ, ಇರುವುದು ಒಂದೇ ಒಂದು ರೈಲು ಹಳಿ, ಅದರ ಮೇಲೆ ರೈಲು ಬರುವುದೂ ಅಪರೂಪ. ಹಾಗಂತ ಊರವರು ಕೈಕಟ್ಟಿ ಕೂರುವ ಜನವೇ? ನಾಲ್ಕು ಹಲಗೆಗೆ ಗಾಲಿ ಕಟ್ಟಿ, ಪಕ್ಕಕ್ಕೊಂದು ಮೋಟಾರ್‌ಸೈಕಲ್ ಬಿಗಿದು, ಹಳಿಯ ಮೇಲೆ ಓಡಿಸಿಯೇಬಿಟ್ಟರು. ಅದಕ್ಕೆ ಬ್ರುಹಿತಾ ಅಂತ ಹೆಸರು, ಅಂದರೆ ಪುಟ್ಟ ಮಾಟಗಾತಿ. ನದಿಯಲ್ಲಿ ಈಜಾಡಲು ಬರುವ ಪ್ರವಾಸಿಗರು, ಬಸುರಿಯರು, ಬಾಳೆಗೊನೆ, ಎಲ್ಲ ಅದರ ಮೇಲೆಯೇ.

ಹಳಿ ಒಂದೇ ಆದ್ದರಿಂದ ಎದುರುಬದುರಾದಾಗ ಒಬ್ಬರು ಬಿಟ್ಟುಕೊಡಲೇಬೇಕು. ಯಾರ ಗಾಡಿಯಲ್ಲಿ ಜನರ ತಲೆ ಕಡಿಮೆಯೋ ಅವರು ಗಾಡಿ ಎತ್ತಿ ಪಕ್ಕಕ್ಕಿಡಬೇಕು. ಹಂದಿ, ಕೋಳಿ, ಮೂಟೆ ಲೆಕ್ಕಕ್ಕಿಲ್ಲ. ಎತ್ತಲಾಗದವನು ಓಡಿಸುವಂತೆಯೂ ಇಲ್ಲ. ಈ ನಿಯಮ ಮಾಡಿದವರಲ್ಲಿ ಸಿಲ್ವೇರಿಯೊ ಮೊದಲಿಗ. ಹಿಂದೊಮ್ಮೆ ಎತ್ತಲಾಗದ ಒಬ್ಬ ಮುದುಕನನ್ನು ಗಾಡಿ ಬಿಡಿಸಿ ಮನೆಗೆ ಕಳಿಸಿದ್ದ, ಪುಣ್ಯಾತ್ಮ.

ಈಗ ಅವನದೇ ಸೊಂಟ ಕೈಕೊಟ್ಟಿತ್ತು. ಗಾಡಿ ಬಿಟ್ಟರೆ ಅವನಿಗೆ ಬೇರೆ ಬದುಕೇ ಗೊತ್ತಿಲ್ಲ. ಅದಕ್ಕೇ ಒಂದು ಉಪಾಯ ಹೂಡಿದ. ಗಾಡಿ ತುಂಬುವತನಕ ಹೊರಡುತ್ತಲೇ ಇರಲಿಲ್ಲ. "ಬಾರೇ, ಸುಮ್ನೆ ಗಾಳಿ ಕುಡ್ಕೊಂಡು ಬರೋಣ" ಎಂದು ನೆರೆಮನೆಯ ಮುದುಕಿ ಪಾಸ್ತೋರಾಳನ್ನು ದಿನಕ್ಕೆ ಮೂರು ಸಲ ಹತ್ತಿಸಿಕೊಳ್ಳುತ್ತಿದ್ದ. ತಿಂಗಳುಗಟ್ಟಲೆ ಒಮ್ಮೆಯೂ ಇಳಿಯಬೇಕಾಗಿ ಬರಲಿಲ್ಲ. ತನ್ನ ಬುದ್ಧಿಗೆ ತಾನೇ ಬೀಗಿದ.

ಆ ಮಂಗಳವಾರ ಮಳೆ. ಸಿಕ್ಕವರು ಇಬ್ಬರೇ: ಪಾಸ್ತೋರಾ ಮತ್ತು ಶಾಲೆಯ ಮೇಷ್ಟ್ರು. ಮೇಷ್ಟ್ರಿಗೆ ಶಾಲೆಗೆ ಹೊತ್ತಾಗಿದ್ದರಿಂದ ಹೊರಡಲೇಬೇಕಾಯಿತು. ತಿರುವಿನಲ್ಲಿ ಎದುರಿಗೆ ಬಂದವಳು ಯಾಮಿಲೆತ್, ಅವನೇ ಗಾಡಿ ಕಲಿಸಿದ ಹುಡುಗಿ. ಅವಳ ಹಲಗೆಯ ಮೇಲೆ ಕಾಲಿ ನಗರದ ಎಂಟು ಪ್ರವಾಸಿಗರು. ಗಾಡಿ ಎತ್ತುವ ಸರದಿ ಸಿಲ್ವೇರಿಯೊನದು.

"ಇಳೀರಿ, ಎಲ್ರೂ ಇಳೀರಿ," ಎಂದಳು ಯಾಮಿಲೆತ್ ತನ್ನವರಿಗೆ. "ದೊಡ್ಡಪ್ಪನ ಗಾಡೀಲಿ ಜಾಸ್ತಿ ಜನ ಇದಾರೆ."

"ಏಯ್, ಕಣ್ಣಿದೆಯೇನೇ ನಿಂಗೆ? ನಿಂದು ಎಂಟು, ನಂದು ಎರಡು!"

"ಪಾಸ್ತೋರಜ್ಜಿ ಒಬ್ಳೇ ಎಂಟು ಜನಕ್ಕೆ ಸಮ, ಬಿಡಿ."

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಪಾಸ್ತೋರಾ ಬೈದಳು, ನಗುತ್ತಲೇ.

ಸಿಲ್ವೇರಿಯೊ ನಗಲಿಲ್ಲ. "ಯಾವಾಗಿಂದ ಹೀಗೆ ಎಣಿಸ್ತಿದೀಯ?"

ಅವಳು ಕಣ್ಣು ತಪ್ಪಿಸಿದಳು. "ನಾನೊಬ್ಳೇ ಅಲ್ಲ ದೊಡ್ಡಪ್ಪ. ಎಲ್ರೂ. ಈಸ್ಟರ್‌ನಿಂದ."

ಅಯ್ಯೋ, ತಾನು ತಿರುವು ದಾಟುವಷ್ಟರಲ್ಲಿ ಎಷ್ಟು ಗಾಡಿಗಳು ಆಗಲೇ ಹಳಿಯಿಂದ ಇಳಿದು ನಿಂತಿರುತ್ತಿದ್ದವು! ಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ, ಇಷ್ಟು ಪ್ರೀತಿಗೆ ತಾನು ಯೋಗ್ಯನಲ್ಲ ಎನ್ನಿಸಿ, ಮನೆಗೆ ಕಳಿಸಿದ್ದ ಆ ಮುದುಕನ ಮುಖ ನೆನಪಾಗಿ, ಕಣ್ಣು ತುಂಬಿ ಬಂತು.

ಅವನು ಇಳಿದ. "ಲೆಕ್ಕ ಅಂದ್ರೆ ಲೆಕ್ಕ. ಪಕ್ಕಕ್ಕೆ ಹೋಗೋದು ನನ್ನ ಗಾಡಿ," ಎಂದು ಹಲಗೆಯ ಅಂಚು ಹಿಡಿದು ನಿಂತ. ಎರಡು ಸಲ ಎತ್ತಿ ನೋಡಿದ, ಗಾಡಿ ಅಲುಗಲಿಲ್ಲ. ಕೊನೆಗೆ ಹೇಳಿದ, "ನನ್ ಕೈಲಿ ಆಗಲ್ಲ ಕಣೇ. ಒಂದು ಕೈ ಹಾಕು."

ಯಾಮಿಲೆತ್, ಮೇಷ್ಟ್ರು, ಎಂಟು ಪ್ರವಾಸಿಗರು ಎಲ್ಲರೂ ಮುಗಿಬಿದ್ದು ಎತ್ತಿದರು. ಪಾಸ್ತೋರಾ ಮಾತ್ರ ಇಳಿಯಲೊಪ್ಪದೆ ಮಹಾರಾಣಿಯ ಹಾಗೆ ಮೇಲೆಯೇ ಕೂತಿದ್ದಳು. ಯಾಮಿಲೆತ್‌ಳ ಗಾಡಿ ದಾಟಿದ ಮೇಲೆ ಅಜ್ಜಿಯ ಸಮೇತ ಮತ್ತೆ ಹಳಿಗೆ ಇಟ್ಟುಕೊಟ್ಟರು.

ಸೇತುವೆಯ ಹತ್ತಿರ ಜನ ತುಂಬಿದ ಇನ್ನೊಂದು ಗಾಡಿ ಕಂಡಿತು. ಅದರವನು ಇವನನ್ನು ನೋಡಿದ್ದೇ ಆತುರಾತುರವಾಗಿ ಇಳಿಯತೊಡಗಿದ್ದ.

"ನಿಂದು ಇಳಿಸ್ಬೇಡ ಕಣೋ!" ಎಂದು ಸಿಲ್ವೇರಿಯೊ ದೂರದಿಂದಲೇ ಕೂಗಿದ. "ಬಂದು ನಂದನ್ನ ಎತ್ತು!"